ಬಣ್ಣ ತೆಗೆದ ಮುಖ

ಎಪ್ಪತ್ತೆಂಟನೆಯ ಇಸವಿಯ ಫಾಲ್ಗುಣ. ಮಧ್ಯಾಹ್ನದ ನಮಾಜಿಗೆ ಇನ್ನೂ ತಾಸು ಹೊತ್ತಿತ್ತು. ಆಳಂದದ ಹವೇಲಿಯ ಪಡಸಾಲೆಯಲ್ಲಿ ಚಂದ್ರಾಮಪ್ಪ ಪಿಂಗಾಣಿ ಗೊಂಬೆಯೊಂದರ ಮುಖಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತ ಕೂತಿದ್ದ. ಉಳಿದ ಮೂರು ಗೊಂಬೆಗಳು ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಮಲಗಿದ್ದವು. ಹಮೀದಾಬೇಗಂ ಅವುಗಳ ಸಮೇತ ಹೈದರಾಬಾದಿನ ಮಗಳ ಮನೆಗೆ ಹೊರಟಿದ್ದರು. ಮತ್ತೆ ಬರುವ ಮಾತಿರಲಿಲ್ಲ.

ಗೊಂಬೆಗಳನ್ನು ತಂದವರು ಬೇಗಂ ಅವರ ಯಜಮಾನರು, ತೀರಿಹೋದ ಸಲಾವುದ್ದೀನ ಸಾಹೇಬರು. ಅವು ಇಟಲಿ ದೇಶದ ಬೀದಿ ಆಟಗಾರರ ಗೊಂಬೆಗಳಂತೆ. ಬರೆದ ಮಾತಿಲ್ಲ, ಬಾಯಿಗೆ ಬಂದದ್ದೇ ಆಟ. "ಹಂಗಾದ್ರ ನಮ್ಮ ಮಂದೀನೇ ಬಿಡ್ರಿ," ಎಂದಿದ್ದ ಚಂದ್ರಾಮಪ್ಪ. ಸಣ್ಣಾಟದಲ್ಲಿ ಇಪ್ಪತ್ತು ವರ್ಷ ಹಾಸ್ಯಗಾರನಾಗಿ, ಮೇಳ ಮುರಿದ ಮೇಲೆ ಹವೇಲಿ ಕಾಯುತ್ತಿದ್ದವನು. ತೇಪೆ ಅಂಗಿಯ, ಅರ್ಧ ಮುಖಕ್ಕೆ ಕರಿ ಬಳಿದುಕೊಂಡ ಈ ನಾಲ್ಕನೆಯವನೆಂದರೆ ಅವನಿಗೆ ಜೀವ.

ಬಣ್ಣ ಹಚ್ಚಿದ ಮುಖದಲ್ಲಿ ಊರ ಸೀಮೆ ದಾಟಬಾರದು. ಅದು ಮೇಳದ ಕಟ್ಟಳೆ. ಊರು ಬಿಟ್ಟು ಹೊರಟ ಗೊಂಬೆಗೂ ಅದೇ ಎಂದು ತಿಕ್ಕಿದ. ಹಳೆಯ ಕರಿ ಪದರು ಪದರಾಗಿ ಎದ್ದಿತು. ಅದರ ಮೇಲೆ ಬರೆದಿದ್ದ ಎರಡು ಕಣ್ಣೂ ಅರಿವೆಗೆ ಬಂದವು. ಕೆಳಗೆ ಬರೀ ಬಿಳುಪು.

"ಆತೇನೋ ಚಂದ್ರಾಮ?" ಬೇಗಂ ಗೋಡೆ ಹಿಡಿದು ಬಂದರು. ಪೊರೆ ಬಂದು ಅವರಿಗೆ ಬೆಳಕಷ್ಟೇ ತಿಳಿಯುತ್ತಿತ್ತು. ಬಣ್ಣ ಹೋದದ್ದು ಬೆರಳಿಗೆ ಸಿಕ್ಕುವಂಥದ್ದಲ್ಲ. ಗೊಂಬೆಯನ್ನು ಹೊಟ್ಟಿನಲ್ಲಿ ಹೂತು ಪೆಟ್ಟಿಗೆಗೆ ಮೊಳೆ ಹೊಡೆದರೆ ಹವೇಲಿಯ ಮೂವತ್ತು ವರ್ಷದ ನಂಬಿಕೆ ಉಳಿಯುತ್ತಿತ್ತು.

"ಯಾಕ್ ಸುಮ್ಮನಾದಿ? ಆಟದಾಗ ಊರ ಗೌಡ್ರು ಸಾಕು ಇಳಿ ಅಂದ್ರೂ ನಿನ್ನ ಬಾಯಿ ನಿಲ್ತಿರಲಿಲ್ಲ!"

ಚಂದ್ರಾಮಪ್ಪ ಅರಿವೆ ಕೆಳಗಿಟ್ಟ. ಕಡೆಗೆ, "ತಪ್ಪಾಗ್ಯಾದ್ರಿ ಬೇಗಂಸಾಬ. ಇವನ ಬಣ್ಣ ತೆಗ್ದೀನಿ. ಕಣ್ಣೂ ಹೋಗ್ಯಾವ್ರಿ," ಎಂದ.

ಬೇಗಂ ಗೊಂಬೆ ಇಸಿದುಕೊಂಡರು. ಹೆಬ್ಬೆರಳು ಮುಖದ ಮೇಲೆ ಹೋಗಿ ಬಂತು, ಮತ್ತೆ ಹೋಯಿತು.

"ಯಾಕ್ ತೆಗ್ದಿ?"

"ಹಚ್ಕೊಂಡು ಸೀಮಿ ದಾಟಬಾರದ್ರಿ, ನಮ್ಮ ಮಂದ್ಯಾಗ."

"ಇಂವ ನಿಮ್ಮ ಮಂದಿ ಅಂತ ಯಾರ್ ಹೇಳ್ಯಾರ?"

"ನಾನೇ ಅಂದಿದ್ದೆ. ಸಾಹೇಬ್ರು ಹೂಂ ಅಂದಿದ್ರು."

ಬೇಗಂ ಗೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ, "ಪೆಟ್ಟಿಗಿ ಮುಚ್ಚು. ಅದರಾಗ ಮೂರೇ ಇರ್ಲಿ," ಎಂದು ಗೊಂಬೆಯೊಡನೆ ಒಳಗೆ ಹೋದರು. ಅದನ್ನೇನು ಮಾಡುವರೆಂದು ಕೇಳುವ ಧೈರ್ಯ ಚಂದ್ರಾಮಪ್ಪನಿಗೆ ಆಗಲಿಲ್ಲ.

ಗುರುವಾರ ಬೆಳಿಗ್ಗೆ ಹಮೀದಾಬೇಗಂ ಆಳಂದ ಬಿಟ್ಟರು. ಮೋಟಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು, ಆ ನಾಲ್ಕನೆಯ ಗೊಂಬೆ ಮಡಿಲಲ್ಲಿತ್ತು. ಕಿಟಕಿಯಿಂದ ಬಿಸಿಲು ನೇರ ಬೀಳುತ್ತಿತ್ತು. ಅವರು ಅದರ ಕಣ್ಣಿಲ್ಲದ ಮುಖಕ್ಕೆ ಅಂಗೈ ಮರೆ ಹಿಡಿದಿದ್ದರು.