ಮೊಸರಿನ ಪಕ್ಕದ ಜಾಗ

ಪುಟ್ಟ ಸೀಸೆಯನ್ನು ಕಲಾ ಬೆಳಕಿಗೆ ಹಿಡಿದಳು. ಒಳಗಿನ ಔಷಧಿ ಅಲುಗಾಡಲಿಲ್ಲ. ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು.

"ರಾತ್ರಿಯೆಲ್ಲ ಕರೆಂಟ್ ಹೋಗಿ ಬಂದು ಮಾಡ್ತಿತ್ತಮ್ಮ. ಕೆಟ್ಟೀತು ಅಂತ ಮೇಲಿನ ಐಸ್ ಖಾನೆಗೆ ಹಾಕ್ಬಿಟ್ಟೆ," ಎಂದರು ಹಾಲಿನ ಬೂತಿನ ಕೃಷ್ಣಯ್ಯ. "ತಣ್ಣಗಿದ್ದಷ್ಟೂ ಒಳ್ಳೇದಲ್ವಾ?"

ಆಯುಷ್ಯವೆಲ್ಲ ಹಾಲು ಒಡೆಯದಂತೆ ನೋಡಿಕೊಂಡ ಮನುಷ್ಯ. ಆದರೆ ಹೆಪ್ಪುಗಟ್ಟಿದ ಇಂಜೆಕ್ಷನ್ ಎಸೆಯಬೇಕೆಂದು ನರ್ಸ್ ಹೇಳಿದ್ದಳು. ಕಲಾಳ ಮನೆಯಲ್ಲಿ ಫ್ರಿಜ್ ಇರಲಿಲ್ಲ. ವಿಜಯನಗರದ ಆ ಅಡ್ಡರಸ್ತೆಯಲ್ಲಿ ಗುಟ್ಟು ಕಾಯುವ ಫ್ರಿಜ್ ಇದ್ದದ್ದು ಇದೊಂದೇ. ಮಗುವಿಗಾಗಿ ಕಾದ ಇನ್ನೊಂದು ತಿಂಗಳು ಹೋಯಿತು.

"ನಾನು ಅವತ್ತೇ ಬಡ್ಕೊಂಡೆ, ದೊಡ್ಡ ಟ್ರೀಟ್‌ಮೆಂಟೇ ಮಾಡ್ಸಣ ಅಂತ," ಎಂದ ಪಕ್ಕದಲ್ಲಿದ್ದ ಗಂಡ ರಾಜೇಂದ್ರ.

ಅವತ್ತು ಎಂದರೆ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ದಾರಿ ಬಿಡಿಸಿ ಹೇಳಿದ ದಿನ. ಬರೀ ಮಾತ್ರೆ ಅಗ್ಗ, ಅದನ್ನು ನುಂಗಿ ನೋಡಿಯಾಗಿತ್ತು. ಇಂಜೆಕ್ಷನ್ ಕೊಟ್ಟು ಗಂಡನ ವೀರ್ಯವನ್ನು ಗರ್ಭಕೋಶಕ್ಕೆ ಬಿಡುವುದಕ್ಕೆ ಕೆಲವು ಸಾವಿರ. ಒಂದು ಸಲಕ್ಕೆ ಹತ್ತರಲ್ಲಿ ಒಬ್ಬರಿಗೆ ಫಲಿಸಬಹುದು. ಟೆಸ್ಟ್ ಟ್ಯೂಬ್ ಬೇಬಿ ಆದರೆ ಲಕ್ಷ ದಾಟುತ್ತದೆ. ಹತ್ತರಲ್ಲಿ ಮೂವರಿಗೆ ಗರ್ಭ ನಿಲ್ಲಬಹುದು.

"ಹೇರೋಹಳ್ಳಿ ಸೈಟ್ ಮಾರ್ತೀನಿ. ಅಷ್ಟು ದುಡ್ಡು ಅಂದ್ಮೇಲೆ ಗ್ಯಾರಂಟಿ ಇರತ್ತಲ್ವಾ ಮೇಡಂ?" ಎಂದಿದ್ದ ರಾಜೇಂದ್ರ.

"ಗ್ಯಾರಂಟಿ ಯಾವುದಕ್ಕೂ ಇಲ್ಲಪ್ಪ."

ಕಲಾ ಕೇಳಿದ್ದು ಬೇರೆ. "ನನ್ ಮೈಗೇನಾಗತ್ತೆ ಮೇಡಂ? ಅದನ್ನ ಹೇಳಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಹೇಳಿದ್ದರು. ಟೆಸ್ಟ್ ಟ್ಯೂಬಿಗೆ ಸೂಜಿ ಹೆಚ್ಚು, ಅಂಡಾಶಯ ಊದಿ ಆಸ್ಪತ್ರೆ ಸೇರುವ ಭಯವೂ ಹೆಚ್ಚು. ಕಲಾಗೆ ಇನ್ನೂ ವಯಸ್ಸಿತ್ತು, ಇಬ್ಬರ ಪರೀಕ್ಷೆಗಳೂ ಸರಿಯಿದ್ದವು.

"ಹಂಗಾದ್ರೆ ಚಿಕ್ಕದರಿಂದ ಶುರು ಮಾಡಣ. ದೊಡ್ಡದು ಎಲ್ಲಿಗೂ ಓಡಿಹೋಗಲ್ಲ," ಎಂದಿದ್ದಳು ಕಲಾ. ಎದ್ದು ಬರುವಾಗ ಡಾಕ್ಟರಮ್ಮ ಬಾಗಿಲವರೆಗೂ ಬಂದಿದ್ದರು.

ಈಗ, ಔಷಧಿ ಹಾಳಾಯಿತೆಂದು ತಿಳಿದ ಕೃಷ್ಣಯ್ಯ ಅದರ ದುಡ್ಡು ಕೊಡಲು ಗಲ್ಲಾಪೆಟ್ಟಿಗೆಗೆ ಕೈ ಹಾಕಿದರು. ಕಲಾ ಅದರ ಮುಚ್ಚಳ ಮುಚ್ಚಿದಳು.

"ಐಸಿಗೆ ಇಡಬಾರ್ದು ಅಂತ ನಾನೂ ಹೇಳ್ಳಿಲ್ವಲ್ಲ. ಮುಂದಿನ ತಿಂಗಳೂ ನಿಮ್ ಫ್ರಿಜ್ಜೇ ಬೇಕು. ಮೊಸರಿನ ಪಕ್ಕ ಇಡಿ ಸಾಕು."

"ಮತ್ತೆ ಇವರ ಹತ್ರಾನೇನಾ?" ರಾಜೇಂದ್ರ ಗೊಣಗಿದ.

"ಇನ್ಮೇಲೆ ಇವರಷ್ಟು ಹುಷಾರಾಗಿ ನೋಡ್ಕೊಳ್ಳೋರು ಇಡೀ ಬೆಂಗಳೂರಲ್ಲೇ ಸಿಗಲ್ಲ ಕಣ್ರೀ."

ರಾಜೇಂದ್ರನಿಗೆ ನಗು ಬಂತು. ಕೃಷ್ಣಯ್ಯನವರಿಗೆ ಬರಲಿಲ್ಲ, ಟವೆಲಿನಿಂದ ಮುಖ ಒರೆಸಿಕೊಂಡರು.

ಮುಂದಿನ ತಿಂಗಳು ಇಂಜೆಕ್ಷನ್ನಿನ ಹೊಸ ಡಬ್ಬಿ ಬಂದಾಗ ಮೊಸರಿನ ಪ್ಯಾಕೆಟ್‌ಗಳು ಒಂದು ಬದಿಗೆ ಸರಿದಿದ್ದವು. ಖಾಲಿಯಾದ ಜಾಗದಲ್ಲಿ ಒಗೆದು ಮಡಿಸಿದ ಬಟ್ಟೆ ಹಾಸಿತ್ತು; ಡಬ್ಬಿ ಅದರ ಮೇಲೆ ಕೂತಿತು. ಬೆಳಗಿನ ಹಾಲಿನ ಗಿರಾಕಿಗಳು "ಸಾರ್, ಚಿಲ್ಲರೆ!" ಎಂದು ಕೂಗುತ್ತಿದ್ದರೂ ಕೃಷ್ಣಯ್ಯ ಬೆನ್ನು ತಿರುಗಿಸಿ ಫ್ರಿಜ್ಜಿನ ಬಾಗಿಲು ತೆರೆದರು. ಮಲಗಿದ ಕೂಸಿಗೆ ಜ್ವರ ಇದೆಯೇನೋ ಎಂದು ನೋಡುವ ಹಾಗೆ, ಅಂಗೈ ತಿರುಗಿಸಿ ಬೆರಳಿನ ಹಿಂಬದಿಯಿಂದ ಡಬ್ಬಿಯನ್ನು ಮೆಲ್ಲಗೆ ಮುಟ್ಟಿದರು.