ಒರೆಸಿದ ಗುರುತು

ನನ್ನ ಗಂಡ ಗ್ರೇಮ್ ತೀರಿಕೊಂಡ ಮೇಲೆ ಅವನ ಕಾರನ್ನು ಯಾರೂ ಓಡಿಸಿರಲಿಲ್ಲ. ಮನೆಯ ಪಕ್ಕದ ಓಣಿಯಲ್ಲಿ, ನೆರೆಯವರ ಸೈಪ್ರೆಸ್ ಮರಗಳ ಬೇಲಿಯ ಕೆಳಗೆ, ಅವನು ನಿಲ್ಲಿಸಿದ ಹಾಗೆಯೇ ನಿಂತಿತ್ತು. ಎರಡೇ ಸೀಟಿನ ಹಸಿರು ಕಾರು. ಬಟ್ಟೆಯ ಚಾವಣಿ, ಬೇಕೆಂದಾಗ ಹಿಂದಕ್ಕೆ ಮಡಚಿಡಬಹುದು. ನಮ್ಮ ಬಂದರಿನ ಊರು ಆಂಬಲ್‌ನಲ್ಲಿ ಸಮುದ್ರದ ಗಾಳಿ ವರ್ಷವಿಡೀ ಕಿವಿ ಕೊರೆಯುತ್ತದೆ. ಇಂಥ ಊರಿಗೆ ಇಂಥ ಕಾರು ಯಾಕೆ ಎಂದು ಕೇಳಿದವರಿಗೆಲ್ಲ ಅವನ ಉತ್ತರ ಒಂದೇ: ಮಳೆ ಇಲ್ಲ ಅಂದರೆ ಬೇಸಿಗೆ ಅಂತಲೇ ಲೆಕ್ಕ. ಉಣ್ಣೆಯ ಟೋಪಿ ಎಳೆದುಕೊಂಡು, ಕಾಲಿಗೆ ಹೀಟರ್ ಬಿಟ್ಟುಕೊಂಡು, ಡಿಸೆಂಬರಿನಲ್ಲೂ ಚಾವಣಿ ತೆರೆದೇ ಹೋಗುತ್ತಿದ್ದ.

ಮಾರ್ಚಿನಲ್ಲಿ ಅವನ ಹೃದಯ ನಿಂತಿತು. ಅದರ ಬಗ್ಗೆ ಇಷ್ಟೇ.

ಅಕ್ಟೋಬರಿನ ಒಂದು ಬೆಳಿಗ್ಗೆ ಶಾಲೆಗೆ ಹೊರಟವಳು ಓಣಿಯಲ್ಲಿ ನಿಂತುಬಿಟ್ಟೆ. ಕಾರಿನ ಗಾಜುಗಳು ಒಳಗಿನಿಂದ ಆವಿ ಕಟ್ಟಿ ಬೆಳ್ಳಗಾಗಿದ್ದವು. ಮುಂದಿನ ಗಾಜಿನಲ್ಲಿ, ಸ್ಟಿಯರಿಂಗಿನ ಎದುರಿಗೆ ಮಾತ್ರ, ಒಂದು ಕಮಾನು ಕಾಣುತ್ತಿತ್ತು. ನಾಲ್ಕು ಬೆರಳುಗಳ ಗೆರೆ. ಕೆಳಗೆ ಅಂಗೈಯ ಅಂಚು.

ಗಾಜಿಗೆ ಆವಿ ಕಟ್ಟಿದಾಗಲೆಲ್ಲ ಗ್ರೇಮ್ ಕೈಯಿಂದಲೇ ಒರೆಸುತ್ತಿದ್ದ. ಅದಕ್ಕೆಂದೇ ನಾನು ಬಾಗಿಲಿನ ಜೇಬಿನಲ್ಲಿ ಹಳದಿ ಬಟ್ಟೆಯೊಂದನ್ನು ಇಟ್ಟಿದ್ದೆ. ಕೈಯ ಜಿಡ್ಡು ಗಾಜಿಗೆ ಹತ್ತುತ್ತದೆ, ರಾತ್ರಿ ಎದುರಿನ ಬೆಳಕಿಗೆ ಕಣ್ಣು ಕುಕ್ಕುತ್ತದೆ ಎಂದು ಹೇಳುತ್ತಿದ್ದೆ. ಬಟ್ಟೆ ಹುಡುಕುವಷ್ಟರಲ್ಲಿ ಯಾವುದಾದರೂ ಕುರಿಗೆ ಗುದ್ದಿರುತ್ತೇನೆ ಎನ್ನುತ್ತಿದ್ದ. ಆ ಬಟ್ಟೆ ಮಡಿಕೆ ಬಿಚ್ಚದೆ ಉಳಿಯಿತು.

ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಜಿಡ್ಡು ಹತ್ತಿದ ಗಾಜಿನ ಮೇಲೆ ಆವಿ ಬೇರೆ ರೀತಿ ಕೂರುತ್ತದೆ, ಅದಕ್ಕೇ ಹಳೆಯ ಗುರುತು ಮತ್ತೆ ಮತ್ತೆ ಕಾಣುತ್ತದೆ ಎಂದು ಹತ್ತನೆಯ ತರಗತಿಯ ಮಕ್ಕಳಿಗೂ ಹೇಳಬಲ್ಲೆ. ಗೊತ್ತಿದ್ದೂ ಅಲ್ಲೇ ನಿಂತಿದ್ದೆ. ಅಂದು ಶಾಲೆಗೆ ತಡವಾಯಿತು.

ಬಿಸಿಲು ಬಂದರೆ ಗುರುತು ಹೋಗುತ್ತಿತ್ತು. ಮರುದಿನ ಬೆಳಿಗ್ಗೆ ಬರುತ್ತಿತ್ತು. ನಾನು ಬೇಗ ಏಳತೊಡಗಿದೆ.

ಆವಿ ಎಲ್ಲಿಂದ ಎನ್ನುವುದು ಬಾಗಿಲು ತೆರೆದ ದಿನವೇ ತಿಳಿಯಿತು. ಕಾಲಿಟ್ಟರೆ ನೆಲಹಾಸು ಪಚಕ್ ಎಂದಿತು. ಇಂಥ ಕಾರುಗಳಲ್ಲಿ ಚಾವಣಿಯ ಮೇಲೆ ಬಿದ್ದ ನೀರು ಸೀಟುಗಳ ಹಿಂದಿನ ಎರಡು ಮೂಲೆಗಳಿಗೆ ಇಳಿಯುತ್ತದೆ. ಅಲ್ಲಿ ಒಂದೊಂದು ತೂತು, ತೂತಿನಿಂದ ಒಂದೊಂದು ರಬ್ಬರ್ ಕೊಳವೆ. ಹಿಂದಿನ ಚಕ್ರದ ಮುಂದೆ ನೀರು ನೆಲಕ್ಕೆ ಹೋಗುತ್ತದೆ. ಎಲೆ, ಪಾಚಿ, ಸೈಪ್ರೆಸ್ಸಿನ ಉದುರು ಸೇರಿ ತೂತು ಕಟ್ಟಿದರೆ ನೀರು ಕಾರಿನ ಒಳಗೇ ತುಂಬುತ್ತದೆ. ಗ್ರೇಮ್ ಪ್ರತಿ ಶರತ್ಕಾಲದಲ್ಲೂ, ಎಲೆ ಉದುರುವ ಹೊತ್ತಿಗೆ, ಅದನ್ನು ಬಿಡಿಸುತ್ತಿದ್ದ. ಈ ವರ್ಷ ಬಿಡಿಸುವವರಿರಲಿಲ್ಲ. ಒಳಗೆ ನಿಂತ ಆ ನೀರಿನಿಂದಲೇ ಗಾಜಿಗೆ ಆವಿ. ಆ ಆವಿಯಿಂದಲೇ ಅವನ ಕೈ.

ನಾನು ತೂತುಗಳನ್ನು ಮುಟ್ಟಲಿಲ್ಲ.

ಅವನ ತಾಯಿ ಯೂನಿಸ್ ಭಾನುವಾರಗಳಂದು ಬಸ್ಸಿನಲ್ಲಿ ಬರುತ್ತಿದ್ದರು. ಬಟ್ಟೆಯಲ್ಲಿ ಸುತ್ತಿದ ಪಾತ್ರೆಯಲ್ಲಿ ಏನಾದರೊಂದು ಇರುತ್ತಿತ್ತು. ನಾನು ತಿನ್ನುವವರೆಗೂ ಎದುರು ಕೂತಿರುತ್ತಿದ್ದರು. ನವೆಂಬರಿನಲ್ಲಿ ಒಮ್ಮೆ ಓಣಿಯಿಂದ ಒಳಗೆ ಬಂದವರೇ ಮೂಗು ಮುಚ್ಚಿಕೊಂಡು, ಅದೇನು ಕಾರೋ ಅಣಬೆ ಬೆಳೆಸುವ ಗೂಡೋ ಎಂದು ಕೇಳಿದರು. ಮುಂದಿನ ವಾರ ಗ್ಯಾರೇಜಿನವನನ್ನು ವಿಚಾರಿಸಿಯೇ ಬಂದಿದ್ದರು. ನೀರು ಹೀಗೇ ನಿಂತರೆ ಬಾಗಿಲ ಕೆಳಗಿನ ಕಬ್ಬಿಣ ಒಳಗಿನಿಂದ ಕೊಳೆಯುತ್ತದಂತೆ. ಡಿಸೆಂಬರಿನ ವಾರ್ಷಿಕ ತಪಾಸಣೆಯಲ್ಲಿ ಪಾಸಾಗುವುದಿಲ್ಲವಂತೆ. ಆಮೇಲೆ ಗುಜರಿಯೇ ಗತಿಯಂತೆ. ನಾನು ಮುಂದಿನ ವಾರ ಮಾಡುತ್ತೇನೆ ಎಂದೆ. ಆ ಮುಂದಿನ ವಾರ ಪರೀಕ್ಷೆಯ ಪೇಪರುಗಳಿದ್ದವು. ಅದರ ಮುಂದಿನ ವಾರ ಮಳೆಯಿತ್ತು.

ಒಂದು ಶನಿವಾರ ನಾನು ಅಂಗಡಿಯಿಂದ ಹಿಂದಿರುಗಿದಾಗ ಕಾರಿನ ಎರಡೂ ಬಾಗಿಲು ತೆರೆದಿದ್ದವು. ಚಾವಣಿ ಅರ್ಧ ಎದ್ದು ನಿಂತಿತ್ತು. ಬೀಗದ ಕೈ ಎಲ್ಲಿ ತೂಗುಹಾಕಿರುತ್ತದೆಂದು ಯೂನಿಸ್‌ಗೆ ಗೊತ್ತಿತ್ತು. ಬಕೆಟ್ಟು, ಜಗ್ಗು, ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರ ಇಟ್ಟುಕೊಂಡು ಸೀಟಿನ ಹಿಂದೆ ಬಗ್ಗಿದ್ದರು.

"ಮುಟ್ಟಬೇಡಿ," ಎಂದೆ.

ಅವರು ಸೊಂಟ ಹಿಡಿದುಕೊಂಡು ನೆಟ್ಟಗಾದರು. "ಮುಟ್ಟಬಾರದು ಅಂದ್ರೆ? ನನ್ನ ಮಗನ ಕಾರು ಪುಟ್ಟಾ ಇದು. ಕೊಳೀತಾ ಇದೆ."

"ಕೊಳೀಲಿ."

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವರು ದಾರವನ್ನು ಸುತ್ತಿ ಬಕೆಟ್ಟಿಗೆ ಹಾಕಿದರು. ಏನಾಯಿತೆಂದು ಕೇಳಲಿಲ್ಲ. ಕೇಳಿದ್ದರೆ ನಾನು ಹೇಳುತ್ತಿರಲಿಲ್ಲವೇನೋ. ಗಾಜನ್ನು ತೋರಿಸಿದೆ. ಬಾಗಿಲು ತೆರೆದಿಟ್ಟು ಗಾಳಿಯಾಡಿ ಅದು ತಿಳಿಯಾಗಿತ್ತು. ಅಲ್ಲೇನೂ ಇರಲಿಲ್ಲ.

"ಇಲ್ಲಿರತ್ತೆ," ಎಂದೆ. "ಬೆಳಿಗ್ಗೆ ಹೊತ್ತು."

ಅವರು ಗಾಜನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಾಗಿಲುಗಳನ್ನು ಮುಚ್ಚಿ, ಚಾವಣಿ ಎಳೆದು ಕೊಂಡಿ ಹಾಕಿ, ಇವತ್ತು ಇಲ್ಲೇ ಮಲಗುತ್ತೇನೆ, ಕೊನೆಯ ಬಸ್ಸಿನ ತನಕ ಕಾಯುವ ತಾಳ್ಮೆ ಇಲ್ಲ ಎಂದರು. ಅದಕ್ಕೂ ಮುಂಚೆ ಬೇರೆ ಬಸ್ಸುಗಳಿದ್ದವು.

ಬೆಳಿಗ್ಗೆ ನಾನು ಎದ್ದಾಗ ಸೋಫಾ ಖಾಲಿಯಿತ್ತು. ಯೂನಿಸ್ ಗ್ರೇಮ್‌ನ ಹಳೆಯ ಕೋಟು ಹೊದ್ದು ಓಣಿಯಲ್ಲಿ ನಿಂತಿದ್ದರು. ಗಾಜುಗಳು ಬೆಳ್ಳಗಿದ್ದವು. ಕಮಾನು ಬಂದಿತ್ತು. ನಾನು ಪಕ್ಕಕ್ಕೆ ಹೋಗಿ ನಿಂತರೂ ಅವರು ತಿರುಗಲಿಲ್ಲ.

"ಯಾವಾಗಿಂದ ನೋಡ್ತಿದೀಯ?"

"ಅಕ್ಟೋಬರಿಂದ."

"ದಿನಾ?"

"ದಿನಾ."

ಬೇಲಿಯೊಳಗಿನಿಂದ ಒಂದು ಹಕ್ಕಿ ಹಾರಿಹೋಯಿತು. ಅವರು ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡರು.

"ನಾನು ಪ್ರತಿ ಭಾನುವಾರ ಬರ್ತಿದ್ದೆ, ಟೆಸ್ಸಾ. ಒಂದು ಸಲನಾದ್ರೂ ಕರೀಬೇಕು ಅನ್ನಿಸಲಿಲ್ವಾ?"

ಅನ್ನಿಸಿರಲಿಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರು ಗಾಜಿಗೆ ಇನ್ನಷ್ಟು ಹತ್ತಿರ ಸರಿದರು. ಕೈ ಎತ್ತಿ ಹೊರಗಿನಿಂದ ಗಾಜಿನ ಹತ್ತಿರ ತಂದರು, ಆದರೆ ತಾಗಿಸಲಿಲ್ಲ.

"ಕಾರು ಗುಜರಿಗೆ ಹೋದ್ರೆ ಈ ಗಾಜೂ ಹೋಗತ್ತೆ, ಪುಟ್ಟಾ," ಎಂದರು. "ಗುಜರಿಯವನು ಗಾಜು ನಮಗೆ ಬಿಚ್ಚಿಕೊಟ್ಟು ಹೋಗಲ್ಲ."

ನಾನು ಇದನ್ನು ಯೋಚಿಸಿರಲಿಲ್ಲ ಎಂದಲ್ಲ. ಯೋಚನೆಯನ್ನು ಮುಂದಿನ ಬೆಳಗಿಗೆ ದೂಡುತ್ತಿದ್ದೆ. ತೂತು ಬಿಡಿಸಿದರೆ ಒಳಗೆ ಒಣಗುತ್ತದೆ. ಒಣಗಿದರೆ ಆವಿ ಇಲ್ಲ. ಬಿಡಿಸದಿದ್ದರೆ ಕಾರೇ ಇಲ್ಲ. ನಾನು ಒಳಗೆ ಹೋಗಿ ಬಕೆಟ್ಟಿಗೆ ಬೆಚ್ಚನೆಯ ನೀರು ತುಂಬಿಸಿ ತಂದೆ.

ಚಾವಣಿಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿದೆವು. ದಾರವನ್ನು ನಾನೇ ಹಿಡಿದೆ. ಅವಸರಕ್ಕೆ ಚುಚ್ಚಿದರೆ ಕೆಳಗೆ ಕೊಳವೆಯೇ ಕಳಚಿಕೊಳ್ಳುತ್ತದೆ, ಆಮೇಲೆ ಕಾರಿನ ಹೊಟ್ಟೆಯನ್ನೇ ಬಗೆದು ಸರಿಮಾಡಬೇಕು ಎಂದು ಗ್ರೇಮ್ ಹೇಳುತ್ತಿದ್ದುದು ನೆನಪಿತ್ತು. ದಾರವನ್ನು ಎರಡು ಬೆರಳಲ್ಲಿ ಹೊಸೆಯುತ್ತ, ಇಷ್ಟಿಷ್ಟೇ ಇಳಿಸಿದೆ. ಬಲಗಡೆಯ ತೂತಿನಿಂದ ಕಪ್ಪು ಕೆಸರು ಬಂತು, ಸೈಪ್ರೆಸ್ಸಿನ ಉದುರು ಬಂತು, ಬಟಾಣಿಯಷ್ಟು ದೊಡ್ಡ ಪಾಚಿಯ ಉಂಡೆ ಬಂತು. ಯೂನಿಸ್ ನಿಧಾನಕ್ಕೆ ನೀರು ಹೊಯ್ದರು. ನಾನು ಒದ್ದೆ ನೆಲದ ಮೇಲೆ ಕೆನ್ನೆಯಿಟ್ಟು ಮಲಗಿ ಚಕ್ರದ ಮುಂದೆ ನೋಡಿದೆ. ಮೊದಲು ಏನೂ ಇಲ್ಲ. ಕೊಳವೆ ಗುಟುಕು ಹಾಕಿದಂತೆ ಸದ್ದು ಮಾಡಿತು. ಆಮೇಲೆ ನೀರು ದಡಬಡನೆ ಸುರಿಯಿತು.

"ಬಂತಾ?" ಎಂದು ಯೂನಿಸ್ ಮೇಲಿನಿಂದ ಕೇಳಿದರು.

"ಬಂತು."

"ಹಾಗಾದ್ರೆ ಏಳು, ನೆಲ ತಣ್ಣಗಿದೆ. ಇನ್ನೊಂದು ಕಡೆ ನಾನು ಮಾಡ್ತೀನಿ. ನೀನು ಹೀಗೇ ಮಾಡ್ತಿದ್ರೆ ಕ್ರಿಸ್‌ಮಸ್ ಬರತ್ತೆ."

ಮನೆಯ ಟವೆಲುಗಳನ್ನೆಲ್ಲ ತಂದು ನೆಲಹಾಸನ್ನು ಒತ್ತಿ ಹಿಂಡಿದೆವು. ಬೂಷ್ಟು ಹಿಡಿದ ಕಡೆ ವಿನೆಗರ್ ಹಾಕಿ ಒರೆಸಿದೆವು. ಮುಂದಿನ ಗಾಜಿನ ಹತ್ತಿರ ಇಬ್ಬರೂ ಹೋಗಲಿಲ್ಲ. ಮಧ್ಯಾಹ್ನ ಮಳೆ ಬರಲಿಲ್ಲ. ನೆರೆಯವರ ಕಾರಿನ ಬ್ಯಾಟರಿಯಿಂದ ತಂತಿ ಎಳೆದು ಕಾರಿಗೆ ಜೀವ ಕೊಟ್ಟು, ಒಣಗಲೆಂದು ಚಾವಣಿ ಪೂರ್ತಿ ತೆರೆದು, ಹೀಟರ್ ಹೆಚ್ಚಿಸಿ, ಕಡಲ ದಾರಿಯಲ್ಲಿ ಹೊರಟೆವು. ಎದುರಿನಿಂದ ಚಾವಣಿ ತೆರೆದ ಇನ್ನೊಂದು ಪುಟ್ಟ ಕಾರು ಬಂತು. ಒಳಗಿದ್ದ ಮುದುಕ ಟೋಪಿ ಕಿವಿ ಮುಚ್ಚುವಂತೆ ಎಳೆದುಕೊಂಡಿದ್ದ. ನಮ್ಮನ್ನು ನೋಡಿ ಕೈ ಎತ್ತಿದ. ಇಂಥ ಕಾರಿನವರು ಪರಸ್ಪರ ಹಾಗೆ ಮಾಡುತ್ತಾರೆ. ನಾನು ಮರೆತಿದ್ದೆ.

"ಯಾರು ಅವನು?" ಎಂದರು ಯೂನಿಸ್.

ಗೊತ್ತಿಲ್ಲ, ಯಾರಾದರೂ ಇರಲಿ ಕೈ ಎತ್ತಬೇಕು ಎಂದೆ. ಆಮೇಲೆ ದಾರಿಯುದ್ದಕ್ಕೂ ಅವರು ಲಾರಿಗಳಿಗೂ ಕೈ ಎತ್ತಿದರು.

ಕಾರು ತಪಾಸಣೆಯಲ್ಲಿ ಪಾಸಾಯಿತು. ಒಳಗೆ ಒಣಗಿತು. ನಾನು ಬೆಳಿಗ್ಗೆ ಬೇಗ ಏಳುವುದನ್ನು ಬಿಡಲಿಲ್ಲ. ಓಣಿಗೆ ಹೋಗುತ್ತಿದ್ದೆ. ಗಾಜು ತಿಳಿಯಾಗಿರುತ್ತಿತ್ತು. ಅದರಾಚೆ ಸ್ಟಿಯರಿಂಗು, ಸೀಟು, ಸೀಟಿನ ಸವೆದ ಅಂಚು. ಒಮ್ಮೆ ಒಳಗೆ ಕೂತು ಗಾಜಿಗೆ ಉಸಿರು ಊದಿ ನೋಡಿದೆ. ಬಿಲ್ಲೆಯಷ್ಟು ಜಾಗ ಬೆಳ್ಳಗಾಯಿತು, ಒಂದು ಬೆರಳ ಗೆರೆ ಕಂಡಂತಾಯಿತು, ನೋಡುತ್ತಿದ್ದಂತೆ ಹೋಯಿತು. ಮತ್ತೆ ಊದಲಿಲ್ಲ.

ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ ಜೋರು ಮಳೆ. ಯೂನಿಸ್ ಪಾತ್ರೆ ತಂದಿರಲಿಲ್ಲ, ತನಗೂ ಒಂದು ದಿನ ರಜೆ ಬೇಕು ಎಂದರು. ಬಂದರಿಗೆ ಹೋಗಿ, ಕಟ್ಟೆಯ ಪಕ್ಕ ಕಾರು ನಿಲ್ಲಿಸಿ, ಕಾಗದದ ಪೊಟ್ಟಣದಲ್ಲಿ ಹುರಿದ ಮೀನು, ಆಲೂಗಡ್ಡೆ ತಂದು ಚಾವಣಿ ಮುಚ್ಚಿಕೊಂಡು ಕೂತೆವು. ಬಟ್ಟೆಯ ಮೇಲೆ ಮಳೆ ಕಿವಿಯ ಹತ್ತಿರವೇ ಸದ್ದು ಮಾಡುತ್ತಿತ್ತು. ಬೆನ್ನ ಹಿಂದೆ ನೀರು ಕೊಳವೆಯಲ್ಲಿ ಇಳಿಯುವುದು ಕೇಳುತ್ತಿತ್ತು. ಪೊಟ್ಟಣ ಬಿಚ್ಚಿದೆವು. ಮೀನಿನ ಬಿಸಿ, ನಮ್ಮಿಬ್ಬರ ಒದ್ದೆ ಕೋಟು, ಉಸಿರು. ಗಾಜು ಅಂಚುಗಳಿಂದ ಬೆಳ್ಳಗಾಗುತ್ತ ಬಂತು. ದೋಣಿಗಳು ಮಾಸಿದವು. ಆಮೇಲೆ ಸಮುದ್ರವೂ.

ನನ್ನ ಎದುರಿಗೆ ಅವನ ಕಮಾನು ಎದ್ದಿತು. ಮೊದಲಿಗಿಂತ ತೆಳುವಾಗಿತ್ತು. ನಾಲ್ಕೂ ಗೆರೆಗಳಿದ್ದವು.

ನಾನು ತಿನ್ನುವುದನ್ನು ನಿಲ್ಲಿಸಿದ್ದೆ. ಯೂನಿಸ್ ನೋಡಿದ್ದರೋ ಇಲ್ಲವೋ ತಿಳಿಯಲಿಲ್ಲ. ಅವರ ಕಣ್ಣು ಹೊರಗಿತ್ತು. ಯಾವುದೋ ದೋಣಿ ಒಳಗೆ ಬರುತ್ತಿದೆ, ದೀಪ ಕಂಡಂತಾಯಿತು ಎಂದು ಗೊಣಗಿದರು. ಬೆರಳಿನ ಉಪ್ಪನ್ನು ಕೋಟಿಗೆ ಒರೆಸಿಕೊಂಡು ಮುಂದಕ್ಕೆ ಬಗ್ಗಿ, ತಮ್ಮ ಎದುರಿನ ಗಾಜನ್ನು ಕೈಯಿಂದಲೇ ಒಮ್ಮೆ ಒರೆಸಿದರು. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಪಕ್ಕಕ್ಕೆ.

ನಾಲ್ಕು ಬೆರಳು, ಕೆಳಗೆ ಅಂಗೈ. ಅದೇ ಬಾಗು.

ಹಳದಿ ಬಟ್ಟೆ ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ, ಬಾಗಿಲಿನ ಜೇಬಿನಲ್ಲೇ ಇತ್ತು. ನಾನು ಅದನ್ನು ತೆಗೆಯಲಿಲ್ಲ.

"ದೋಣಿ ಬಂತಾ?" ಎಂದು ಕೇಳಿದೆ.

"ಬರ್ತಿದೆ," ಎಂದರು. "ತಿನ್ನು, ಆರಿಹೋಗತ್ತೆ."