ಹಾರ್ಮೋನಿಯಂ ಅಂಗಡಿಯ ಕೇರೆ

ಹಾರ್ಮೋನಿಯಂ ರಿಪೇರಿಯವನಿಗೆ ಎಡಗಿವಿ ಕೇಳುತ್ತಿರಲಿಲ್ಲ. ಒಂದೇ ಕಿವಿಯಲ್ಲಿ ಸ್ವರ ಕೂಡಿಸುವುದೇನೂ ಕಷ್ಟವಲ್ಲ. ಸದ್ದು ಯಾವ ಕಡೆಯಿಂದ ಬಂತೆನ್ನುವುದು ಮಾತ್ರ ತಿಳಿಯುತ್ತಿರಲಿಲ್ಲ. ಹೆಂಡತಿ ಅಡುಗೆಮನೆಯಿಂದ ಕೂಗಿದರೆ ಬೀದಿಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ.

ಅಂಗಡಿಯಲ್ಲಿ ಇಲಿಗಳ ಕಾಟ. ಗಾಳಿಯೂದುವ ತಿದಿಗೆ ಹಚ್ಚುವ ಚರ್ಮ, ಅಂಟು ಎರಡೂ ಅವಕ್ಕೆ ಬಲು ರುಚಿ. ಸಂಗೀತದ ಟೀಚರಮ್ಮನ ಪೆಟ್ಟಿಗೆಯ ತಿದಿಯನ್ನು ಎರಡು ಸಲ ಕಡಿದುಹಾಕಿದ್ದವು. "ಇನ್ನೊಂದ್ ಸಲ ಹೀಗಾದ್ರೆ ಪೆಟ್ಟಿಗೆ ಎತ್ಕೊಂಡು ಹೋಗ್ತೀನಿ, ಮಕ್ಕಳಿಗೂ ನಿಮ್ಮಂಗಡಿ ಹೇಳಲ್ಲ," ಎಂದಿದ್ದರು ಆಕೆ. ಅವನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಆಕೆಯ ಶಿಷ್ಯರೇ.

ಮೂರನೇ ಸಲ ಚರ್ಮ ಹಚ್ಚಿ ಒಣಗಲು ಬಿಟ್ಟ. ಬೆಳಿಗ್ಗೆ ನೋಡಿದರೆ ಹಲ್ಲಿನ ಗುರುತೇ ಇಲ್ಲ. ಖುಷಿಯಿಂದ ತಿದಿ ಒತ್ತಿದ. ಬುಸ್ ಎಂದಿತು. ಗಾಳಿ ಸೋರುತ್ತಿದೆ! ಅಂಚು ತಡವಿದ, ಕೆನ್ನೆಯಿಟ್ಟು ನೋಡಿದ; ಎಲ್ಲೂ ತೂತಿಲ್ಲ. ಮತ್ತೆ ಬುಸ್. ತಲೆಕೆಟ್ಟು, ಹೊಸ ಚರ್ಮವನ್ನು ಪರಪರನೆ ಕಿತ್ತೇಬಿಟ್ಟ. ಈಗ ಚರ್ಮ ಕೈಯಲ್ಲಿದೆ, ತಿದಿ ಬಾಯಿಬಿಟ್ಟು ಬಿದ್ದಿದೆ, ಆದರೂ ಬುಸ್!

ಟೀ ತಂದ ಹೆಂಡತಿ ಹೊಸ್ತಿಲಲ್ಲೇ ನಿಂತಳು. "ರೀ, ಅಲ್ಲಾಡಬೇಡಿ. ಸದ್ದು ಪೆಟ್ಟಿಗೇದಲ್ಲ. ನಿಮ್ಮ ಬೆನ್ನ ಹಿಂದಿಂದು."

ಚರ್ಮದ ಕಟ್ಟಿನ ಮೇಲೆ ಆಳುದ್ದದ ಹಾವು; ನಡುವಿನಲ್ಲಿ ಇಲಿಗಾತ್ರದ ಉಬ್ಬು. ಅವನು ಕೋಲಿಗೆ ಕೈಹಾಕಿದ.

"ನಾಗರ ಕಣೇ!"

"ಹೆಡೆ ಎಲ್ರೀ ಇದೆ? ಕಣ್ಣು ನೋಡಿ, ಎಷ್ಟಗಲ. ತುಟಿ ಮೇಲೆ ಕಪ್ಪು ಗೀಟು. ಕೇರೆ ಅದು, ವಿಷ ಇಲ್ಲ. ನೀವು ದಾರಿಗೆ ಅಡ್ಡ ನಿಂತಿದೀರಿ, ಹೆದರಿ ಬುಸುಗುಡ್ತಿದೆ. ಹಗ್ಗ ನೋಡಿ ಹಾವು ಅನ್ನೋರನ್ನ ಕಂಡಿದೀನಿ; ಹಾವನ್ನ ಹಾರ್ಮೋನಿಯಂ ಅಂದೋರು ನೀವೊಬ್ರೇ."

ಅವನು ಕೋಲಿಟ್ಟು ಪಕ್ಕಕ್ಕೆ ಸರಿದ. ಕೇರೆ ಉಬ್ಬನ್ನು ಎಳೆದುಕೊಂಡು ಗೋಡೆಯ ಬಿರುಕಿನೊಳಗೆ ಹೋಯಿತು.

ಮಧ್ಯಾಹ್ನ ಟೀಚರಮ್ಮ ಬಂದಾಗ, ಮತ್ತೆ ಹಚ್ಚಿದ ಚರ್ಮದ ಅಂಟು ಇನ್ನೂ ಒದ್ದೆ. ನಡೆದದ್ದನ್ನು ಮುಚ್ಚಿಡದೆ ಹೇಳಿದ. ಆಕೆ ಕಾಲನ್ನು ಸ್ಟೂಲಿನ ಮೇಲಕ್ಕೆ ಎತ್ತಿಕೊಂಡು, ನಗುತ್ತಲೇ ಸಂಜೆಯವರೆಗೆ ಕಾದರು.

ಆ ಬಿರುಕನ್ನು ಅವನು ಮುಚ್ಚಲಿಲ್ಲ. ಚಳಿಗಾಲದಲ್ಲಿ ಗಾಳಿ ನೇರ ಬೆನ್ನಿಗೇ ಬೀಸುತ್ತಿತ್ತು. "ಕಾವಲಿನವನ ಬಾಗಿಲು, ಇರ್ಲಿ ಬಿಡು," ಎಂದು ಕಂಬಳಿ ಹೊದ್ದು ಕೂರುತ್ತಿದ್ದ. ಕೇರೆ ಹಗಲಲ್ಲೇ ಬಂದುಹೋಗುತ್ತಿತ್ತು. ಒಮ್ಮೆ ಚರ್ಮದ ಕಟ್ಟಿನ ಮೇಲೆ ಪೊರೆ ಬಿಟ್ಟುಹೋಯಿತು. ಅವನು ಅದನ್ನು ಬೆಳಕಿಗೆ ಹಿಡಿದು ತುದಿಯಿಂದ ತುದಿಗೆ ನೋಡಿದ. "ಒಂದು ತೂತಿಲ್ಲ ನೋಡೇ," ಎಂದ, ತನ್ನ ಕಸುಬಿನವರನ್ನು ಮೆಚ್ಚುವ ಹಾಗೆ.

ಕೇರೆ ಬಂದಮೇಲೆ ಆ ವರ್ಷ ಅಂಗಡಿಯಲ್ಲಿ ಹಾಳಾದದ್ದು ಒಂದೇ ತುಂಡು ಚರ್ಮ. ಕಿತ್ತವನು ಅವನೇ.